ಟ್ವೀಟರ್‌ಗೆ ಯಾವ ಕೆಪಾಸಿಟರ್?

ಕಲಬುರಗಿಯ ಬೇಸಿಗೆ 40 ಡಿಗ್ರಿ ದಾಟುತ್ತದೆ. ಸ್ಪೀಕರ್ ಪೆಟ್ಟಿಗೆಯೊಳಗೆ ಮೇಲಿನ ಸ್ವರಗಳನ್ನು ನುಡಿಸುವ ಪುಟ್ಟ ಸ್ಪೀಕರ್ ಟ್ವೀಟರ್. ಕೆಳಸ್ವರಗಳು ಅದಕ್ಕೆ ಹೋಗದಂತೆ ತಡೆಯುವ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗೆ ಶಾಖವೇ ಶತ್ರು. ಒಳಗಿನ ದ್ರವ ಒಣಗಿದಂತೆ ಒಳರೋಧ ಏರುತ್ತದೆ, ಟ್ವೀಟರ್ ದನಿ ಕುಗ್ಗುತ್ತದೆ. ನನ್ನ ಹಳೆಯ ಸ್ಪೀಕರ್ ಜೋಡಿಯಲ್ಲಿ ತತ್ವಪದ ಹಾಕಿದರೆ ಏಕತಾರಿ ಸರಿಯಿತ್ತು, ಕಂಠವೂ ಸರಿಯಿತ್ತು. ತಾಳ ಮಾತ್ರ ಮಂಕಾಗಿತ್ತು.

ಬದಲಿಗೆ ಪಾಲಿಪ್ರೊಪಿಲೀನ್ ಫಿಲ್ಮ್ ಕೆಪಾಸಿಟರ್ ಹಾಕಿದೆ. ಬೆಲೆ ಹೆಚ್ಚು, ಗಾತ್ರವೂ ದೊಡ್ಡದು. ಬೋರ್ಡಿನ ಮೇಲೆ ಮಲಗಿಸಿ, ಅಂಟು ಹಾಕಿ, ಟೈ ಬಿಗಿದು ಕಟ್ಟಬೇಕಾಯಿತು. ಆದರೆ ಅದರಲ್ಲಿ ಒಣಗಲು ದ್ರವವೇ ಇಲ್ಲ.

ಮೌಲ್ಯವನ್ನು ಬದಲಿಸಲಿಲ್ಲ. 8 ಓಮ್ ಟ್ವೀಟರ್‌ಗೆ ಸರಣಿಯಲ್ಲಿ 4.7 ಮೈಕ್ರೊಫ್ಯಾರಡ್ ಒಂದೇ ಇದ್ದರೆ ಟ್ವೀಟರ್ ದನಿ ಶುರುವಾಗುವ ಗಡಿ ಸುಮಾರು 4,200 ಹರ್ಟ್ಸ್, 3.3 ಹಾಕಿದರೆ ಅದು 6,000ಕ್ಕೆ ಜಿಗಿಯುತ್ತದೆ. ಅಂಗಡಿಯವರು "ಇದೂ ನಡೆಯುತ್ತದೆ ಸರ್" ಎಂದು ಹತ್ತಿರದ ಮೌಲ್ಯ ಕೊಟ್ಟರೆ ದಯವಿಟ್ಟು ಒಪ್ಪಬೇಡಿ.

ಎಡ ಬಲ ಎರಡನ್ನೂ ಕೆಪಾಸಿಟನ್ಸ್ ಮೀಟರ್‌ನಲ್ಲಿ ಅಳೆದೇ ಜೋಡಿ ಮಾಡಿದೆ. ದುಬಾರಿ ಬ್ರ್ಯಾಂಡಿಗೆ ಹಣ ಸುರಿಯುವುದಕ್ಕಿಂತ ಇದು ಮುಖ್ಯ ಎಂಬುದು ನನ್ನ ಗಟ್ಟಿ ನಂಬಿಕೆ. ಎರಡೂ ಸಮನಾಗಿದ್ದರೆ ಮಾತ್ರ ಗಾಯಕರ ದನಿ ನಟ್ಟನಡುವೆ ನಿಲ್ಲುತ್ತದೆ.

ಬೆಸುಗೆ ಮುಗಿಸಿ ಕೇಳಿದಾಗ "ಸ"ಕಾರ, "ಶ"ಕಾರಗಳು ತುಸು ಚುಚ್ಚಿದವು. ಫಿಲ್ಮ್ ಕೆಪಾಸಿಟರ್‌ನ ಒಳರೋಧ ತೀರಾ ಕಡಿಮೆ. ಹಳೆಯದರ ಅಲ್ಪ ರೋಧವನ್ನೂ ಹಿಡಿದು ಆ ಕ್ರಾಸ್‌ಓವರ್ (ಸ್ವರಗಳನ್ನು ಸ್ಪೀಕರ್‌ಗಳಿಗೆ ಹಂಚುವ ಸರ್ಕ್ಯೂಟ್) ಹದಗೊಂಡಿರುತ್ತದೆ. ಆದ್ದರಿಂದ ಸರಣಿಯಲ್ಲಿ 0.47 ಓಮ್, 5 ವ್ಯಾಟ್ ರೆಸಿಸ್ಟರ್ ಸೇರಿಸಿದೆ. ನನಗೆ ಅಷ್ಟು ಸಾಕಾಯಿತು. ನಿಮ್ಮ ಟ್ವೀಟರ್‌ಗೆ ಒಂದು ಓಮ್ ಬೇಕಾಗಬಹುದು. ಪರಿಚಿತ ಕಂಠವೊಂದನ್ನು ಹಾಕಿ, ಕೇಳುತ್ತಲೇ ಬದಲಿಸಿ ನೋಡಿ.