ಮೇರಿಲ್ಯಾಂಡ್‌ನಿಂದ: ಕಾಲೇಜು ಸೀಟು ಮತ್ತು ನಮ್ಮವರ ಸಿಟ್ಟು

ಹಾರ್ವರ್ಡ್, ಯೇಲ್ ಸೇರಿದಂತೆ ಅಮೆರಿಕದ ಎಂಟು ಹೆಸರಾಂತ ಐವಿ ಲೀಗ್ ವಿಶ್ವವಿದ್ಯಾಲಯಗಳ ಅಡ್ಮಿಷನ್ ಫಲಿತಾಂಶ ಬರುವುದು ಮಾರ್ಚ್ ತಿಂಗಳ ಕೊನೆಗೆ. ಯುಗಾದಿಯೂ ಹೆಚ್ಚುಕಮ್ಮಿ ಅದೇ ಹೊತ್ತಿಗೆ. ಹಾಗಾಗಿ ವಾಷಿಂಗ್ಟನ್ ಸುತ್ತಮುತ್ತಲಿನ ಕನ್ನಡಿಗರು ಯಾವುದೋ ಶಾಲೆಯ ಹಾಲ್ ಬಾಡಿಗೆಗೆ ಹಿಡಿದು ಹಬ್ಬ ಮಾಡುವಾಗ, ಒಬ್ಬಟ್ಟಿನ ಸಾಲಿನಲ್ಲಿ ನಡೆಯುವ ಮಾತು ಇದೇ: ಯಾರ ಮಗನಿಗೆ ಎಲ್ಲಿ ಸೀಟಾಯಿತು, ಯಾರ ಮಗಳು ವೇಟ್‌ಲಿಸ್ಟಿನಲ್ಲಿದ್ದಾಳೆ. ಕಳೆದ ಯುಗಾದಿಯಲ್ಲಿ ನನ್ನ ಮುಂದೆ ನಿಂತಿದ್ದ ಪರಿಚಯದ ತಾಯಿಯೊಬ್ಬರು ತಟ್ಟೆ ಹಿಡಿದುಕೊಂಡೇ ಕಣ್ಣೊರೆಸಿಕೊಂಡರು.

"ಎಸ್‌ಎಟಿ ಪರೀಕ್ಷೆಯಲ್ಲಿ 1600ಕ್ಕೆ 1560 ಬಂದಿದೆ ಅಕ್ಕ. ರೊಬಾಟಿಕ್ಸ್, ವೀಣೆ, ಆಸ್ಪತ್ರೆಯಲ್ಲಿ ವಾಲಂಟಿಯರ್ ಕೆಲಸ, ಏನು ಬಿಟ್ಟಿದಾಳೆ ಹೇಳಿ? ಆದ್ರೂ ಎಲ್ಲ ಕಡೆ ಇಲ್ಲ ಅಂದ್ರು. ಏಷ್ಯನ್ ಅಂತ ಟಿಕ್ ಹಾಕಿದ್ದೇ ಮುಳುವಾಯ್ತು. ಅವರಿಗಾದ್ರೆ ಮಾರ್ಕ್ಸ್ ಇಲ್ದೇ ಇದ್ರೂ ಸೀಟೂ ಸಿಗುತ್ತೆ, ಸ್ಕಾಲರ್‌ಶಿಪ್ಪೂ ಸಿಗುತ್ತೆ."

ಅವರು ಎಂದರೆ ಕಪ್ಪು ಜನ. ಪಕ್ಕದಲ್ಲಿದ್ದವರೊಬ್ಬರು ದನಿಗೂಡಿಸಿದರು: "ರಿಸರ್ವೇಷನ್ ಸಾಕಾಗಿ ಅಲ್ಲಿಂದ ಬಂದ್ವಿ, ಇಲ್ಲೂ ಅದೇ ಗೋಳು."

ಆ ತಾಯಿಯ ಸಂಕಟ ನನಗೆ ಅರ್ಥವಾಗುತ್ತದೆ. ಹೈಸ್ಕೂಲಿನ ನಾಲ್ಕು ವರ್ಷ ಅವರ ಮನೆಯಲ್ಲಿ ರಾತ್ರಿ ಹನ್ನೆರಡರ ಮುಂಚೆ ದೀಪ ಆರಿದ್ದಿಲ್ಲ. ಆದರೆ ಅವರ ಸಿಟ್ಟು ಹೋಗಿ ತಟ್ಟಿದ್ದು ತಪ್ಪು ಬಾಗಿಲನ್ನು. ಊರಿನಲ್ಲಿರುವ ಬಂಧುಗಳಿಗೂ ವಾಟ್ಸಾಪಿನಲ್ಲಿ ಇದೇ ಕಥೆ ಹೋಗುತ್ತಿರುವುದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ನಾವೆಲ್ಲ ಸಿಇಟಿ ಕಂಡು ಬೆಳೆದವರು. ರ‍್ಯಾಂಕ್ ಬರುತ್ತದೆ, ಸೀಟ್ ಮ್ಯಾಟ್ರಿಕ್ಸ್ ಬರುತ್ತದೆ, ಜನರಲ್ ಮೆರಿಟ್‌ಗೆ ಎಷ್ಟು, 2ಎಗೆ ಎಷ್ಟು, 3ಬಿಗೆ ಎಷ್ಟು ಎಂದು ಅಚ್ಚಾಗಿರುತ್ತದೆ. ಕಟ್‌ಆಫ್ ಎಲ್ಲಿಗೆ ನಿಂತಿತು ಎಂದು ಪಕ್ಕದ ಮನೆಯವರಿಗೂ ಗೊತ್ತು. ಇಲ್ಲಿ ಅಂಥ ಪಟ್ಟಿಯೇ ಇಲ್ಲ. ಅಂಕ, ಪ್ರಬಂಧ, ಮೇಷ್ಟ್ರ ಪತ್ರ, ಆಟ, ಊರು, ಮನೆತನ ಎಲ್ಲವನ್ನೂ ಒಟ್ಟಿಗಿಟ್ಟು ಕಚೇರಿಯೊಳಗೆ ಕೂತು ತೀರ್ಮಾನಿಸುತ್ತಾರೆ. ಯಾಕೆ ಸಿಗಲಿಲ್ಲ ಎಂದು ಯಾರೂ ಹೇಳುವುದಿಲ್ಲ. ಜನಾಂಗದ ಹೆಸರಿನಲ್ಲಿ ಇಂತಿಷ್ಟು ಸೀಟು ಎಂದು ಎತ್ತಿಡುವುದಂತೂ ಇಲ್ಲಿ 1978ರಲ್ಲೇ ನಿಂತಿತು. ಕ್ಯಾಲಿಫೋರ್ನಿಯಾದ ಡೇವಿಸ್ ವೈದ್ಯಕೀಯ ಕಾಲೇಜು 100 ಸೀಟುಗಳಲ್ಲಿ 16ನ್ನು ಹಾಗೆ ಇಟ್ಟಿತ್ತು; ಬಕಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಅದು ಕೂಡದು, ಹಲವು ಅಂಶಗಳಲ್ಲಿ ಒಂದಾಗಿ ಮಾತ್ರ ಜನಾಂಗವನ್ನು ನೋಡಬಹುದು ಎಂದಿತು. ಮುಂದೆ 2023ರ ಜೂನ್ 29ರಂದು ಹಾರ್ವರ್ಡ್ ಮತ್ತು ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯಗಳ ಮೊಕದ್ದಮೆಗಳಲ್ಲಿ ಆ ಅವಕಾಶವನ್ನೂ ತೆಗೆದುಹಾಕಿತು. ಈಗ ಅರ್ಜಿ ಓದುವವರು ಆ ಟಿಕ್ ನೋಡಿ ತೀರ್ಮಾನಿಸುವ ಹಾಗಿಲ್ಲ. ತನ್ನ ಬದುಕಿನಲ್ಲಿ ಜನಾಂಗದಿಂದ ಏನಾಯಿತು ಎಂದು ವಿದ್ಯಾರ್ಥಿಯೇ ಪ್ರಬಂಧದಲ್ಲಿ ಬರೆದರೆ ಓದಬಹುದು, ಅಷ್ಟೇ.

ಏಷ್ಯನ್ನರಿಗೆ ಅನ್ಯಾಯವಾಗುತ್ತಿದೆ ಎಂದು ಹೂಡಿದ್ದ ಆ ಹಾರ್ವರ್ಡ್ ಮೊಕದ್ದಮೆಯಲ್ಲಿ ಹೊರಬಿದ್ದ ಒಂದು ಸಂಗತಿ ನನ್ನನ್ನೂ ಕಲಕಿತ್ತು, ಅದನ್ನು ಮುಚ್ಚಿಡುವುದಿಲ್ಲ. ಏಷ್ಯನ್ ಅಮೆರಿಕನ್ ಮಕ್ಕಳಿಗೆ ಓದಿನಲ್ಲೂ ಪಠ್ಯೇತರ ಚಟುವಟಿಕೆಯಲ್ಲೂ ಒಳ್ಳೆಯ ದರ್ಜೆ ಸಿಗುತ್ತಿತ್ತು. 'ಪರ್ಸನಲ್ ರೇಟಿಂಗ್' ಎಂಬ ಕಾಲಮ್ಮಿನಲ್ಲಿ ಮಾತ್ರ ಹಿಂದೆ ಬೀಳುತ್ತಿದ್ದರು. ಮಕ್ಕಳನ್ನು ಎದುರು ಕೂರಿಸಿಕೊಂಡು ಮಾತಾಡಿಸಿದ ಹಳೆಯ ವಿದ್ಯಾರ್ಥಿಗಳು ಬಿಳಿಯರಿಗೆ ಕೊಟ್ಟಷ್ಟೇ ಅಂಕ ಇವರಿಗೂ ಕೊಟ್ಟಿದ್ದರು. ಮುಖ ನೋಡದ ಕಚೇರಿಯವರು ಕಡಿಮೆ ಕೊಟ್ಟಿದ್ದರು. ಇದು ಉದ್ದೇಶಪೂರ್ವಕ ತಾರತಮ್ಯವಲ್ಲ ಎಂದು ಬಾಸ್ಟನ್ನಿನ ನ್ಯಾಯಾಧೀಶೆ 2019ರಲ್ಲಿ ತೀರ್ಪು ಕೊಟ್ಟರು. ನನಗೆ ಆ ಮಾತು ಒಪ್ಪಿಗೆಯಾಗಲಿಲ್ಲ, ಈಗಲೂ ಇಲ್ಲ. ನಮ್ಮ ಮಕ್ಕಳಿಗೆ ದಯೆ, ಧೈರ್ಯ, ನಾಯಕತ್ವ ಕಡಿಮೆ ಎಂದು ನೋಡದೆಯೇ ಬರೆದಿಡುವುದು ಅನ್ಯಾಯವೇ. 1920ರ ದಶಕದಲ್ಲಿ ಯಹೂದಿ ಹುಡುಗರು ಹೆಚ್ಚಾದರೆಂದು ಹಾರ್ವರ್ಡ್ ಅಧ್ಯಕ್ಷ ಲೋವೆಲ್ ಗಾಬರಿಪಟ್ಟಾಗಲೂ ಅಂಕದ ಬದಲು 'ಗುಣಸ್ವಭಾವ' ಅಳೆಯುವ ಪದ್ಧತಿಯನ್ನೇ ಅವರ ಸಂಖ್ಯೆ ಇಳಿಸಲು ಬಳಸಿಕೊಂಡಿದ್ದರು.

ಆದರೆ ಈ ಅನ್ಯಾಯ ಮಾಡಿದವರು ಕಪ್ಪು ಮಕ್ಕಳಲ್ಲವಲ್ಲ? ಅದೇ ಮೊಕದ್ದಮೆಯ ಕಡತಗಳಿಂದ ಇನ್ನೊಂದು ಲೆಕ್ಕ ಹೊರಬಂತು. ಆಯ್ಕೆಯಾದ ಬಿಳಿಯ ವಿದ್ಯಾರ್ಥಿಗಳಲ್ಲಿ ಶೇ. 43ರಷ್ಟು ಮಂದಿ ಒಂದೋ ಕ್ರೀಡಾ ತಂಡಕ್ಕೆ ಆರಿಸಿಕೊಂಡವರು, ಇಲ್ಲವೇ ಅಪ್ಪ ಅಮ್ಮ ಅಲ್ಲೇ ಓದಿದವರು, ಇಲ್ಲವೇ ಅಧ್ಯಾಪಕರ ಮಕ್ಕಳು, ಇಲ್ಲವೇ ದೇಣಿಗೆದಾರರೂ ಬೇಕಾದವರೂ ಇರುವ 'ಡೀನ್ ಪಟ್ಟಿ'ಯವರು. ಕಪ್ಪು, ಹಿಸ್ಪಾನಿಕ್, ಏಷ್ಯನ್ ವಿದ್ಯಾರ್ಥಿಗಳಲ್ಲಿ ಅಂಥವರು ಶೇ. 16ಕ್ಕಿಂತ ಕಡಿಮೆ. ದೆಹಲಿಯಲ್ಲಿ ಹುಟ್ಟಿದ ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಸಂಗಡಿಗರು 2023ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳಿದ್ದೂ ಇದೇ ದಿಕ್ಕಿನದು: ಅಂಕ ಒಂದೇ ಇದ್ದರೂ, ಮಧ್ಯಮ ವರ್ಗದ ಮಗುವಿಗಿಂತ ಮೇಲಿನ ಶೇ. 1ರ ಸಿರಿವಂತರ ಮಗು ಇಂಥ ಕಾಲೇಜಿಗೆ ಸೇರುವ ಸಾಧ್ಯತೆ ಎರಡು ಪಟ್ಟಿಗೂ ಹೆಚ್ಚು. ಊರಿನ ಮ್ಯಾನೇಜ್‌ಮೆಂಟ್ ಕೋಟಾಕ್ಕಾದರೂ ಒಂದು ಹೆಸರಿದೆ, ಇಂತಿಷ್ಟು ಸೀಟು ಎಂಬ ಲೆಕ್ಕವಿದೆ. ಇಲ್ಲಿನದಕ್ಕೆ ಅದೂ ಇಲ್ಲ. ಸುಪ್ರೀಂ ಕೋರ್ಟಿನ ತೀರ್ಪು ಈ ದಾರಿಗಳನ್ನು ಮುಟ್ಟಲಿಲ್ಲ.

ತೀರ್ಪಿನ ನಂತರ ನಮ್ಮವರಿಗೆ ಸೀಟು ಸುರಿಯುತ್ತದೆ ಎಂದುಕೊಂಡವರಿಗೆ 2024ರ ಅಂಕಿಗಳು ಒಂದೇ ಉತ್ತರ ಕೊಡಲಿಲ್ಲ. ಎಂಐಟಿಗೆ ಹೊಸದಾಗಿ ಸೇರಿದವರಲ್ಲಿ ಏಷ್ಯನ್ನರ ಪಾಲು ಶೇ. 40ರಿಂದ 47ಕ್ಕೆ ಏರಿತು, ಕಪ್ಪು ವಿದ್ಯಾರ್ಥಿಗಳದ್ದು ಸುಮಾರು 13ರಿಂದ 5ಕ್ಕೆ ಕುಸಿಯಿತು. ಆದರೆ ಯೇಲ್‌ನಲ್ಲಿ ಏಷ್ಯನ್ನರ ಪಾಲೇ 30ರಿಂದ 24ಕ್ಕೆ ಇಳಿಯಿತು. ಆಮ್ಹರ್ಸ್ಟ್ ಕಾಲೇಜಿನಲ್ಲಿ ಕಪ್ಪು ವಿದ್ಯಾರ್ಥಿಗಳ ಪಾಲು ಶೇ. 11ರಿಂದ 3ಕ್ಕೆ ಬಂತು.

ಆಮ್ಹರ್ಸ್ಟ್ ಎಂದಾಗ ನನಗೆ ಡೊನಾಲ್ಡ್ ಮರ್ರಿ ನೆನಪಾಗುತ್ತಾರೆ. ಸ್ಕಾಲರ್‌ಶಿಪ್ಪಿನ ಕಥೆ ಶುರುವಾಗಬೇಕಾದದ್ದು ಅವರಿಂದ, ಅದೂ ನಾನಿರುವ ಈ ರಾಜ್ಯದಿಂದ. ಮರ್ರಿ 1934ರಲ್ಲಿ ಆಮ್ಹರ್ಸ್ಟ್ ಮುಗಿಸಿ ಬಾಲ್ಟಿಮೋರಿನಲ್ಲಿದ್ದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಕಾನೂನು ಶಾಲೆಗೆ ಅರ್ಜಿ ಹಾಕಿದರು. ಕಪ್ಪು ಮನುಷ್ಯ ಎಂಬ ಒಂದೇ ಕಾರಣಕ್ಕೆ ಅರ್ಜಿ ವಾಪಸು ಬಂತು. ಅವರ ಪರವಾಗಿ ವಾದಿಸಿದ ವಕೀಲರಲ್ಲಿ ಒಬ್ಬರು ತರ್ಗುಡ್ ಮಾರ್ಷಲ್, ಮುಂದೆ ಸುಪ್ರೀಂ ಕೋರ್ಟಿನ ಮೊದಲ ಕಪ್ಪು ನ್ಯಾಯಮೂರ್ತಿಯಾದವರು. ರಾಜ್ಯ ಸರ್ಕಾರದ ಸಮರ್ಥನೆ ಏನಿತ್ತು ಗೊತ್ತೇ? ಕಪ್ಪು ವಿದ್ಯಾರ್ಥಿಗಳಿಗೆಂದೇ ಸ್ಕಾಲರ್‌ಶಿಪ್ ಇಟ್ಟಿದ್ದೇವೆ, ಅದನ್ನು ತೆಗೆದುಕೊಂಡು ಬೇರೆ ರಾಜ್ಯಕ್ಕೆ ಹೋಗಿ ಓದಲಿ! ಮಿಸ್ಸೋರಿ ರಾಜ್ಯವೂ ಇದನ್ನೇ ಮಾಡುತ್ತಿತ್ತು. ಎಂದರೆ ಈ ದೇಶದಲ್ಲಿ ಸರ್ಕಾರಗಳು ಜನಾಂಗದ ಹೆಸರಿನಲ್ಲಿ ಸ್ಕಾಲರ್‌ಶಿಪ್ ಕೊಟ್ಟಿದ್ದು ಕಪ್ಪು ಮಕ್ಕಳನ್ನು ಬಿಳಿಯರ ತರಗತಿಯಿಂದ ದೂರ ಇಡುವುದಕ್ಕೂ ಹೌದು. 1936ರ ಜನವರಿಯಲ್ಲಿ ಮರ್ರಿ ಗೆದ್ದರು. ಆದರೂ ಕಾಲೇಜ್ ಪಾರ್ಕಿನ ಮುಖ್ಯ ಕ್ಯಾಂಪಸ್ಸಿಗೆ ಮೊದಲ ಕಪ್ಪು ಪದವಿ ವಿದ್ಯಾರ್ಥಿ ಬರಲು 1951 ಆಗಬೇಕಾಯಿತು.

ಅದೇ ವಿಶ್ವವಿದ್ಯಾಲಯ 1970ರ ದಶಕದ ಕೊನೆಯಲ್ಲಿ ಪ್ರತಿಭಾವಂತ ಕಪ್ಪು ವಿದ್ಯಾರ್ಥಿಗಳಿಗಾಗಿ ಬೆಂಜಮಿನ್ ಬ್ಯಾನೆಕರ್ ಹೆಸರಿನಲ್ಲಿ ಸ್ಕಾಲರ್‌ಶಿಪ್ ತೆರೆಯಿತು. ಬ್ಯಾನೆಕರ್ ಈ ಸೀಮೆಯವರೇ. 1731ರಲ್ಲಿ ಬಾಲ್ಟಿಮೋರಿನ ಬಳಿ ಹುಟ್ಟಿದ, ಗುಲಾಮನಲ್ಲದ ಕಪ್ಪು ರೈತ. ಬಹುಪಾಲು ತಾನೇ ಓದಿ ಗಣಿತ, ಖಗೋಳ ಕಲಿತು ಗ್ರಹಣದ ಲೆಕ್ಕ ಹಾಕಿ ಪಂಚಾಂಗ ಪ್ರಕಟಿಸಿದವರು. ರಾಜಧಾನಿಯ ಗಡಿ ಅಳೆಯುವ ತಂಡದಲ್ಲಿದ್ದರು. 1791ರಲ್ಲಿ, ಅಮೆರಿಕದ ಸ್ವಾತಂತ್ರ್ಯ ಘೋಷಣೆ ಬರೆದ ಥಾಮಸ್ ಜೆಫರ್ಸನ್‌ಗೆ ಪತ್ರ ಬರೆದು, ಎಲ್ಲರೂ ಸಮಾನರಾಗಿ ಹುಟ್ಟಿದ್ದಾರೆ ಎಂದು ಬರೆದ ನೀವೇ ನಮ್ಮವರನ್ನು ಗುಲಾಮರಾಗಿ ಇಟ್ಟುಕೊಂಡಿದ್ದೀರಲ್ಲ ಎಂದು ನೇರವಾಗಿ ಕೇಳಿದರು. ಇಂಥವರ ಹೆಸರಿನ ಸ್ಕಾಲರ್‌ಶಿಪ್ಪಿನ ವಿರುದ್ಧ ಹಿಸ್ಪಾನಿಕ್ ಮೂಲದ ವಿದ್ಯಾರ್ಥಿಯೊಬ್ಬ ಕೋರ್ಟಿಗೆ ಹೋದ. 1994ರಲ್ಲಿ ಫೆಡರಲ್ ಮೇಲ್ಮನವಿ ಕೋರ್ಟು ಅದನ್ನು ರದ್ದು ಮಾಡಿತು. ಹಳೆಯ ತಾರತಮ್ಯದ ಪರಿಣಾಮ ಇಂದಿಗೂ ಉಳಿದಿದೆ ಎಂದು ವಿಶ್ವವಿದ್ಯಾಲಯ ಸಾಕಷ್ಟು ಸಾಬೀತು ಮಾಡಿಲ್ಲ ಎನ್ನುವುದು ಕಾರಣ. ಕಪ್ಪು ವಿದ್ಯಾರ್ಥಿಗಳನ್ನು ಹೊರಗಿಟ್ಟದ್ದು ಆ ತೀರ್ಪಿಗೆ ನಲವತ್ತಮೂರು ವರ್ಷ ಹಿಂದಿನವರೆಗೂ ನಡೆದಿತ್ತು; ಅದರ ನೆರಳು ಅಷ್ಟು ಬೇಗ ಮಾಯವಾಗುತ್ತದೆಯೇ?

ಬಳಿಕ ಅದನ್ನು ಇನ್ನೊಂದು ಸ್ಕಾಲರ್‌ಶಿಪ್ಪಿನೊಂದಿಗೆ ಸೇರಿಸಿ ಬ್ಯಾನೆಕರ್/ಕೀ ಎಂದು ಎಲ್ಲರಿಗೂ ತೆರೆದರು. ಎಂದರೆ ಹಬ್ಬದ ದಿನ ನಾವು ಬೈದುಕೊಂಡ ಸ್ಕಾಲರ್‌ಶಿಪ್ ನಮ್ಮದೇ ರಾಜ್ಯ ವಿಶ್ವವಿದ್ಯಾಲಯದಲ್ಲಿ ಇಲ್ಲವಾಗಿ ಮೂವತ್ತು ವರ್ಷ ಆಯಿತು. ಇವತ್ತು ನಮ್ಮ ಕನ್ನಡದ ಮಗುವೂ ಬ್ಯಾನೆಕರ್/ಕೀಗೆ ಸ್ಪರ್ಧಿಸಬಹುದು. ಸ್ಪರ್ಧಿಸಲಿ, ಗೆಲ್ಲಲಿ. ಬ್ಯಾನೆಕರ್ ಯಾರೆಂದು ತಿಳಿದು ಗೆಲ್ಲಲಿ ಎನ್ನುವುದು ನನ್ನ ಆಸೆ.

ಪೊಟೊಮ್ಯಾಕ್ ನದಿಯಾಚೆ ವರ್ಜೀನಿಯಾದ ಫೇರ್‌ಫ್ಯಾಕ್ಸ್ ಕೌಂಟಿಯಲ್ಲಿ ಇನ್ನೊಂದು ಪ್ರಕರಣ ನಡೆಯಿತು. ಜೆಫರ್ಸನ್ ಹೆಸರಿನದೇ ವಿಜ್ಞಾನ ಹೈಸ್ಕೂಲು, ನಮ್ಮವರು 'ಟಿಜೆ' ಎಂದು ಕರೆಯುತ್ತಾರೆ. ಅದಕ್ಕೆ ಮಕ್ಕಳನ್ನು ಸೇರಿಸಲೆಂದೇ ಆ ಕಡೆ ಮನೆ ಕೊಂಡ ಕುಟುಂಬಗಳು ನನಗೆ ಗೊತ್ತು. 2020ರಲ್ಲಿ ಪ್ರವೇಶ ಪರೀಕ್ಷೆ ತೆಗೆದು, ಪ್ರತಿ ಮಿಡಲ್ ಸ್ಕೂಲಿನಿಂದಲೂ ಒಂದಿಷ್ಟು ಮಕ್ಕಳಿಗೆ ಜಾಗ ಕೊಟ್ಟರು. ಏಷ್ಯನ್ನರ ಪಾಲು ಶೇ. 73ರಿಂದ 54ಕ್ಕೆ ಇಳಿಯಿತು. ಪೋಷಕರು ಕೋರ್ಟಿಗೆ ಹೋದರು, ಕೊನೆಗೆ ಗೆಲ್ಲಲಿಲ್ಲ. ನಮ್ಮ ಕೂಟಗಳಲ್ಲಿ ಇಷ್ಟೇ ಕಥೆ ಓಡಾಡುತ್ತದೆ. 2023ರ ಮೇಲ್ಮನವಿ ಕೋರ್ಟಿನ ತೀರ್ಪಿನಲ್ಲಿರುವ ಒಂದು ಸಾಲನ್ನು ಯಾರೂ ಹೇಳುವುದಿಲ್ಲ: ಹಳೆಯ ಪದ್ಧತಿಯ ಕೊನೆಯ ವರ್ಷ ಆಯ್ಕೆಯಾದ ಬಡ ಏಷ್ಯನ್ ಮಕ್ಕಳು 1, ಹೊಸ ಪದ್ಧತಿಯಲ್ಲಿ 51. ಆ ಐವತ್ತೊಂದು ಮಕ್ಕಳೂ ಏಷ್ಯನ್ನರೇ. ಕೋಚಿಂಗಿಗೆ ಸಾವಿರಾರು ಡಾಲರ್ ಸುರಿಯಲಾಗದ ಮನೆಯವರು, ಅಷ್ಟೇ ವ್ಯತ್ಯಾಸ.

ಇನ್ನು ನಾವು ಇಲ್ಲಿ ಬಂದು ನಿಂತದ್ದಾದರೂ ಹೇಗೆ? 1946ರಿಂದ 1965ರವರೆಗೆ ಭಾರತಕ್ಕೆ ಸಿಗುತ್ತಿದ್ದದ್ದು ವರ್ಷಕ್ಕೆ 100 ವಲಸೆ ವೀಸಾ, ಅದಕ್ಕೂ ಮುಂಚೆ ಬಾಗಿಲೇ ಮುಚ್ಚಿತ್ತು. ನಾಗರಿಕ ಹಕ್ಕುಗಳ ಚಳವಳಿಯಲ್ಲಿ ಕಪ್ಪು ಜನ ಪೊಲೀಸ್ ನಾಯಿಗಳಿಂದ ಕಚ್ಚಿಸಿಕೊಂಡು, ಜೈಲು ಸೇರಿ, ಜೀವ ಕೊಟ್ಟು ಈ ದೇಶದ ಕಾನೂನನ್ನು ಅಲುಗಾಡಿಸಿದರು. 1965ರ ಆಗಸ್ಟ್‌ನಲ್ಲಿ ಅವರ ಮತದಾನದ ಹಕ್ಕಿನ ಕಾಯ್ದೆ ಬಂತು. ಅದೇ ಅಕ್ಟೋಬರ್‌ನಲ್ಲಿ ಅದೇ ಸಂಸತ್ತು ನಮಗೆ ಬಾಗಿಲು ತೆರೆದ ಹೊಸ ವಲಸೆ ಕಾಯ್ದೆ ತಂದಿತು. ಆಮೇಲೆ ಬಂದ ನಾವು ಡಿಗ್ರಿ ಕೈಯಲ್ಲಿ ಹಿಡಿದು, ವೀಸಾದ ಜರಡಿ ದಾಟಿ ಬಂದವರು. ನಮ್ಮ ಮಕ್ಕಳ ಓದಿನ ಹಿಂದೆ ಆ ಆಯ್ಕೆಯೂ ಇದೆ.

ಅಪ್ಪ ಅಮ್ಮ ಓದಿದ್ದಕ್ಕೆ ಮಕ್ಕಳಿಗೆ ಸಿಗುವ 'ಲೆಗಸಿ' ಆದ್ಯತೆಗೆ ಬರುತ್ತೇನೆ. ಎಂಐಟಿ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ತಾನಾಗಿಯೇ ಬಿಟ್ಟಿತು. 2024ರಲ್ಲಿ ನಮ್ಮ ಮೇರಿಲ್ಯಾಂಡ್ ರಾಜ್ಯ ಸರ್ಕಾರಿ, ಖಾಸಗಿ ಎರಡೂ ಕಾಲೇಜುಗಳಲ್ಲಿ ಅದನ್ನು ನಿಷೇಧಿಸಿತು, ಕ್ಯಾಲಿಫೋರ್ನಿಯಾ ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ನಿಲ್ಲಿಸಿತು. ಮನಸ್ಸು ಮಾಡಿದರೆ ಆಗುತ್ತದೆ. ಆದರೆ ಹಾರ್ವರ್ಡ್ ವಿರುದ್ಧದ ಮೊಕದ್ದಮೆಗೆ ನಮ್ಮ ಮನೆಗಳಲ್ಲಿ ಕಂಡ ಉತ್ಸಾಹ ಇದಕ್ಕೆ ಕಾಣಲಿಲ್ಲ.

ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಇಲ್ಲೇ ಬೆಳೆದು ತೊಂಬತ್ತರ ದಶಕದಲ್ಲಿ ಐವಿ ಕಾಲೇಜುಗಳಲ್ಲಿ ಓದಿದ ನಮ್ಮವರ ಮಕ್ಕಳು ಈಗ ಅರ್ಜಿ ಹಾಕುವ ವಯಸ್ಸಿಗೆ ಬಂದಿದ್ದಾರೆ. ಈ ಶರತ್ಕಾಲದಲ್ಲಿ ಸ್ನೇಹಿತನ ಮನೆಗೆ ಹೋದಾಗ ಅವನ ಮಗಳು ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಹಲವು ಕಾಲೇಜುಗಳಿಗೆ ಒಂದೇ ಅರ್ಜಿಯಾದ ಕಾಮನ್ ಆ್ಯಪ್ ತುಂಬುತ್ತಿದ್ದಳು. ಪೋಷಕರ ವಿವರದಲ್ಲಿ ಅವರು ಓದಿದ ಕಾಲೇಜಿನ ಹೆಸರು ಕೇಳುತ್ತದೆ. "ಅಪ್ಪಾ, ನಿನ್ನ ಕಾಲೇಜು ಬರೀಲೇಬೇಕಾ? ನಾನೂ ಅಲ್ಲಿಗೇ ಅಪ್ಲೈ ಮಾಡ್ತಿದೀನಲ್ಲ, ಅದು ಮೋಸ ಅನ್ಸುತ್ತೆ" ಎಂದಳು. ಅವನು ನನ್ನ ಮುಖ ನೋಡಿದ.

ಫಾರ್ಮ್ ಕೇಳಿದ್ದನ್ನು ನಿಜವಾಗಿ ಬರೆಯಲೇಬೇಕು ಎಂದೆ. ಆಮೇಲೆ ಅವನೊಬ್ಬನಿಗೇ ಹೇಳಿದೆ: ಹಳೆಯ ವಿದ್ಯಾರ್ಥಿ ಅಂತ ಪ್ರತಿ ವರ್ಷ ಕಾಲೇಜಿಗೆ ದೇಣಿಗೆ ಕಳಿಸ್ತೀಯಲ್ಲ, ಈ ಸಲ ಜೊತೆಗೆ ಒಂದು ಪತ್ರ ಬರಿ, ಲೆಗಸಿ ನಿಲ್ಲಿಸಿ, ನನ್ನ ಮಗಳಿಗೂ ಬೇಡ ಅಂತ. ಫಲಿತಾಂಶ ಬಂದ ಮೇಲೆ ಬರೆದರೆ ಅದಕ್ಕೆ ಬೆಲೆ ಇರಲ್ಲ, ಈಗಲೇ ಬರಿ. ಯೋಚನೆ ಮಾಡ್ತೀನಿ ಅಂದಿದ್ದಾನೆ. ಅರ್ಜಿಗೆ ಕೊನೆಯ ದಿನ ಜನವರಿ 1.