ಗಿಬ್ಯೋನಿಗೆ ನಡೆದ ರಾತ್ರಿ

ಮೂರು ವಾರಗಳಾದರೂ ನಮ್ಮ ಬೈಬಲ್ ಅಧ್ಯಯನದ ಗುಂಪು ಯೆಹೋಶುವನ ಪುಸ್ತಕದ 9 ಮತ್ತು 10ನೆಯ ಅಧ್ಯಾಯಗಳನ್ನು ದಾಟಿ ಮುಂದೆ ಹೋಗಿಲ್ಲ. ಪ್ರತಿ ಸಲ ತಡೆದು ನಿಲ್ಲಿಸಿದವಳು ನಾನೇ.

ಚಿಕ್ಕವಳಿದ್ದಾಗ ಗಿಬ್ಯೋನಿನವರ ಕಥೆ ಕೇಳಿ ನಕ್ಕಿದ್ದೆ. ಯೆಹೋಶುವನ ನಾಯಕತ್ವದಲ್ಲಿ ಕಾನಾನ್ ದೇಶವನ್ನು ಗೆಲ್ಲುತ್ತಾ ಬಂದ ಇಸ್ರಾಯೇಲ್ಯರಿಗೆ ಹೆದರಿ, ಅಲ್ಲಿನ ಗಿಬ್ಯೋನ್ ಪಟ್ಟಣದವರು ದೂರದೇಶದವರಂತೆ ವೇಷ ಹಾಕಿ ಒಪ್ಪಂದ ಕೇಳಲು ಬರುತ್ತಾರೆ. ಹರಿದು ಹೊಲಿದ ತೊಗಲಿನ ಬುದ್ದಲಿಗಳು, ತೇಪೆ ಹಾಕಿದ ಕೆರಗಳು, ಒಣಗಿ ಬೂಷ್ಟು ಹಿಡಿದ ರೊಟ್ಟಿ. ಮನೆಯಿಂದ ಹೊರಡುವಾಗ ಇದು ಬಿಸಿಯಾಗಿತ್ತು, ನೋಡಿ, ಈಗ ಹೀಗಾಗಿದೆ ಎಂದು ಅವರು ತೋರಿಸುತ್ತಾರೆ. ಇಸ್ರಾಯೇಲಿನ ಹಿರಿಯರು ಆ ರೊಟ್ಟಿಯನ್ನು ಪರೀಕ್ಷಿಸಿದರೇ ಹೊರತು ಯೆಹೋವನನ್ನು ವಿಚಾರಿಸಲಿಲ್ಲ. ಕೊಲ್ಲುವುದಿಲ್ಲವೆಂದು ಆಣೆಯಿಟ್ಟರು. ಮೂರು ದಿನಗಳಲ್ಲಿ ಗೊತ್ತಾಯಿತು, ಬಂದವರು ದೂರದೇಶದವರಲ್ಲ, ಪಕ್ಕದಲ್ಲೇ ಇದ್ದವರು.

ಮೋಸದಿಂದ ಪಡೆದ ಮಾತಿಗೆ ಕಟ್ಟುಬೀಳಬೇಕೇ? ಗುಂಪಿನಲ್ಲಿ ಬಹುತೇಕ ಎಲ್ಲರೂ ಬೇಡವೆಂದೇ ಹೇಳಿದರು. ಆಗಿನ ಜನರೂ ಹಾಗೆಯೇ ಗೊಣಗಿದ್ದರು. ಆದರೆ ಮುಖಂಡರು ಕದಲಲಿಲ್ಲ: ಇಸ್ರಾಯೇಲ್ ದೇವರಾದ ಯೆಹೋವನ ಹೆಸರಿನಲ್ಲಿ ಆಣೆಯಿಟ್ಟಿದ್ದೇವೆ, ಅವರನ್ನು ಮುಟ್ಟುವಂತಿಲ್ಲ. ಎದುರಿಗಿದ್ದವರು ಸುಳ್ಳರಾಗಿರಬಹುದು, ಆಣೆಗೆ ಸಾಕ್ಷಿಯಾದವನು ಸುಳ್ಳನಲ್ಲ. 15ನೆಯ ಕೀರ್ತನೆ ಹೇಳುವ, ನಷ್ಟವಾದರೂ ಮಾತಿಗೆ ತಪ್ಪದ ಮನುಷ್ಯ ಎಂಥವನೆಂದು ನನಗೆ ಅರ್ಥವಾದದ್ದು ಇಲ್ಲಿ.

ಹಾಗೆಂದು ಅವರ ಮನಸ್ಸು ತಿಳಿಯಾಗಿತ್ತು ಎಂದು ನಾನು ಹೇಳಲಾರೆ. ಗಿಬ್ಯೋನಿನವರನ್ನು ಕಟ್ಟಿಗೆ ಒಡೆಯುವವರನ್ನಾಗಿಯೂ ನೀರು ತರುವವರನ್ನಾಗಿಯೂ ಮಾಡಿದರು. ಜೀವ ಉಳಿಸಿದರು, ಅಷ್ಟೇ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮುಂದಿನ ಅಧ್ಯಾಯ. ಯೆರೂಸಲೇಮಿನ ಅರಸ ಅದೋನೀಚೆದೆಕನೂ ಇನ್ನು ನಾಲ್ವರು ಅರಸರೂ ಸೇರಿ ಗಿಬ್ಯೋನಿಗೆ ಮುತ್ತಿಗೆ ಹಾಕುತ್ತಾರೆ. ನಿಮ್ಮ ಸೇವಕರ ಕೈಬಿಡಬೇಡಿ, ಬೇಗ ಬನ್ನಿ ಎಂದು ಇಸ್ರಾಯೇಲ್ಯರ ಪಾಳೆಯವಿದ್ದ ಗಿಲ್ಗಾಲಿಗೆ ಕರೆ ಬರುತ್ತದೆ. ಯೆಹೋಶುವನು ಅಲ್ಲೇ ಕುಳಿತಿದ್ದರೆ ಯಾರೂ ಅವನನ್ನು ಮಾತಿಗೆ ತಪ್ಪಿದವನೆಂದು ಅನ್ನುತ್ತಿರಲಿಲ್ಲವೇನೋ. ಕೊಲ್ಲುವುದಿಲ್ಲ ಎಂದಿದ್ದ, ಕೊಲ್ಲಲು ಬಂದವರು ಬೇರೆಯವರು. ಮೋಸ ಮಾಡಿದವರು ತಾವಾಗಿಯೇ ತೊಲಗಿಹೋಗುತ್ತಿದ್ದರು. ಅವನು ಆ ಸಂದಿಯಲ್ಲಿ ನುಸುಳಲಿಲ್ಲ. ಯೊರ್ದನ್ ಕಣಿವೆಯ ತಗ್ಗಿನಿಂದ ಬೆಟ್ಟದ ಏರುದಾರಿಯಲ್ಲಿ ಇಡೀ ರಾತ್ರಿ ನಡೆದ. ಮರುದಿನದ ಯುದ್ಧದಲ್ಲಿ ಗಿಬ್ಯೋನಿನ ಮೇಲೆ ಸೂರ್ಯ ನಿಂತದ್ದನ್ನು ಎಲ್ಲರೂ ನೆನಪಿಟ್ಟುಕೊಂಡಿದ್ದಾರೆ. ನನಗೆ ಆ ಕತ್ತಲಿನ ನಡಿಗೆಯೇ ದೊಡ್ಡದು.

ಕಳೆದ ವರ್ಷ ನನ್ನ ಸಹೋದ್ಯೋಗಿಯೊಬ್ಬರ ಮೇಲೆ ಅವರು ಮಾಡದ ತಪ್ಪನ್ನು ಹೊರಿಸಿದ್ದರು. ಲೆಕ್ಕದ ಕಡತ ಆ ದಿನ ಯಾರ ಮೇಜಿನ ಮೇಲಿತ್ತೆಂದು ನನಗೆ ಗೊತ್ತಿತ್ತು. ವಿಚಾರಣೆಗೆ ಮುಂಚೆ ಮೆಟ್ಟಿಲ ಬಳಿ ಅವರ ಕೈ ಹಿಡಿದು, "ನಾನು ನಿಮ್ಮ ಬೆನ್ನಿಗೆ ಇರುತ್ತೇನೆ" ಎಂದೆ. ದೇವರಾಣೆ ಎಂದೂ ಸೇರಿಸಿದೆ. ಆಣೆಯನ್ನೇ ಇಡಬೇಡಿ, ನಿಮ್ಮ ಹೌದು ಹೌದಾಗಿರಲಿ ಎಂದು ಯೇಸು ಹೇಳಿದ್ದನ್ನು ಬಲ್ಲವಳೇ ನಾನು.

ಒಳಗೆ ಹೋದ ಮೇಲೆ ಪೆನ್ನಿನ ಮುಚ್ಚಳವನ್ನು ತೆಗೆಯುತ್ತಾ ಹಾಕುತ್ತಾ ಕುಳಿತೆ. ಅವರು ಒಮ್ಮೆ ನನ್ನತ್ತ ತಿರುಗಿದರು. ಮುಚ್ಚಳದ ತುದಿಯಲ್ಲಿ ಹಲ್ಲಿನ ಗುರುತುಗಳಿದ್ದವು, ಅವನ್ನೇ ನೋಡುತ್ತಿದ್ದೆ. ಯಾರೂ ನನ್ನನ್ನು ನೇರವಾಗಿ ಕೇಳಲಿಲ್ಲ, ನಾನು ಸುಳ್ಳೇನೂ ಹೇಳಲಿಲ್ಲ ಎಂದು ತಿಂಗಳುಗಟ್ಟಲೆ ನನಗೆ ನಾನೇ ಹೇಳಿಕೊಂಡೆ. ಗಿಲ್ಗಾಲಿನಲ್ಲಿ ಕುಳಿತುಬಿಟ್ಟವಳ ಮಾತು ಅದು.

ಗಿಬ್ಯೋನಿನವರ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಸಮುವೇಲನ ಎರಡನೆಯ ಪುಸ್ತಕದ 21ನೆಯ ಅಧ್ಯಾಯದಲ್ಲಿ ಮೂರು ವರ್ಷಗಳ ಬರ ಬರುತ್ತದೆ. ಕಾರಣ, ಇಸ್ರಾಯೇಲಿನ ಮೊದಲ ಅರಸ ಸೌಲನು ಆ ಹಳೆಯ ಆಣೆಯನ್ನು ಮುರಿದು ಗಿಬ್ಯೋನಿನವರನ್ನು ಕೊಂದದ್ದು. ಪರಿಹಾರವಾಗಿ ಸೌಲನ ವಂಶದ ಏಳು ಮಂದಿಯನ್ನು ಒಪ್ಪಿಸುತ್ತಾರೆ. ಸೌಲನ ಮಗ ಯೋನಾತಾನನಿಗೆ ಕೊಟ್ಟ ಮಾತಿಗಾಗಿ ಅರಸ ದಾವೀದನು ಯೋನಾತಾನನ ಮಗ ಮೆಫೀಬೋಶೆತನೊಬ್ಬನನ್ನು ಉಳಿಸಿಕೊಳ್ಳುತ್ತಾನೆ. ಉಳಿದವರು ತಾವೇನು ಮಾಡಿದ್ದರು? ಇದಕ್ಕೆ ಕೇಳಿದ ಯಾವ ವಿವರಣೆಯೂ ನನ್ನ ಮನಸ್ಸನ್ನು ಒಪ್ಪಿಸಿಲ್ಲ.

ಅಲ್ಲಿ ಸೌಲನ ಉಪಪತ್ನಿ ರಿಚ್ಪ ಇದ್ದಾಳೆ. ಸತ್ತವರಲ್ಲಿ ಇಬ್ಬರು ಅವಳ ಮಕ್ಕಳು. ಜವೆಗೋದಿಯ ಸುಗ್ಗಿಯ ಮೊದಲ ದಿನಗಳಿಂದ ಆಕಾಶದಿಂದ ಮಳೆ ಸುರಿಯುವವರೆಗೆ ಬಂಡೆಯ ಮೇಲೆ ಗೋಣಿತಟ್ಟು ಹಾಸಿಕೊಂಡು, ಹಗಲಲ್ಲಿ ಹಕ್ಕಿಗಳನ್ನು, ಇರುಳಲ್ಲಿ ಕಾಡುಮೃಗಗಳನ್ನು ಓಡಿಸುತ್ತಾಳೆ. ತನ್ನವರಿಬ್ಬರನ್ನು ಮಾತ್ರವಲ್ಲ, ಏಳೂ ಶವಗಳನ್ನು ಕಾಯುತ್ತಾಳೆ. ಅವಳು ಯಾರಿಗೂ ಮಾತು ಕೊಟ್ಟಿರಲಿಲ್ಲ. ಸುದ್ದಿ ತಿಳಿದ ದಾವೀದನು ಸೌಲ ಮತ್ತು ಯೋನಾತಾನರ ಎಲುಬುಗಳನ್ನೂ ಈ ಏಳು ಮಂದಿಯ ಎಲುಬುಗಳನ್ನೂ ಕೂಡಿಸುತ್ತಾನೆ. ಸಮಾಧಿಯಾದ ಬಳಿಕ ದೇವರು ದೇಶದ ಬಿನ್ನಹಕ್ಕೆ ಕಿವಿಗೊಟ್ಟನೆಂದು 14ನೆಯ ವಚನ ಹೇಳುತ್ತದೆ. ಅವರನ್ನು ಕೊಂದ ದಿನದಲ್ಲಿ ಅಲ್ಲ, ಈ ವಚನದಲ್ಲಿ ಆ ಮಾತು ಬರುತ್ತದೆ. ಅದನ್ನು ಬೆರಳಿಟ್ಟು ಎರಡು ಸಲ ಓದಿದೆ.

ಕಡತದ ಬಗ್ಗೆ ನನಗೆ ಗೊತ್ತಿರುವುದನ್ನೆಲ್ಲ ಬರೆದು ಸಹಿ ಹಾಕಿದ್ದೇನೆ. ಕೊಡುವ ಮೊದಲು ಆ ಸಹೋದ್ಯೋಗಿಗೆ ಫೋನ್ ಮಾಡಿದೆ. ಅವರು ಈಗ ಬೇರೆ ಕಡೆ ಕೆಲಸದಲ್ಲಿದ್ದಾರೆ. "ಇಷ್ಟು ತಡವಾಗಿ ಯಾಕೆ?" ಎಂದರು. ನನ್ನ ಬಳಿ ಉತ್ತರವಿರಲಿಲ್ಲ, ಪತ್ರವನ್ನು ಓದತೊಡಗಿದೆ. ಎರಡನೆಯ ಪ್ಯಾರಾದಲ್ಲಿ ಅವರು ತಡೆದು, ಅಲ್ಲಿರುವ ತಾರೀಖು ತಪ್ಪು ಎಂದು ತಿದ್ದಿದರು. ಆ ಪುಟವನ್ನು ಮತ್ತೆ ಬರೆಯುತ್ತಿದ್ದೇನೆ. ಸೋಮವಾರ ಕೊಡುತ್ತೇನೆ.