ದಿನ 47: ಮೂರರಲ್ಲಿ ಎರಡು ಉಳಿದಿವೆ

ಶುರು ಮಾಡಿದಾಗ ಪಟ್ಟಿಯಲ್ಲಿ ಖುಷಿಗೆಂದು ದಿನಾ ಮಾಡುವ ಮೂರು ಅಭ್ಯಾಸ ಇದ್ದವು. ಎದ್ದ ಕೂಡಲೇ ಹತ್ತು ನಿಮಿಷ ಧ್ಯಾನ, ಹಲ್ಲುಜ್ಜುವಾಗ ಕಿಟಕಿಯಿಂದ ಆಕಾಶ ನೋಡುವುದು, ಮಲಗುವ ಮುಂಚೆ ಆ ದಿನ ಖುಷಿ ಕೊಟ್ಟ ಒಂದು ವಿಷಯವನ್ನು ಒಂದೇ ಸಾಲಲ್ಲಿ ಬರೆಯುವುದು.

ಧ್ಯಾನ ಒಂಬತ್ತನೇ ದಿನಕ್ಕೆ ಕೈಕೊಟ್ಟಿತು. ಕಣ್ಣು ಮುಚ್ಚಿ ಕೂತು ಒಳಗೊಳಗೇ ನಿಮಿಷ ಎಣಿಸುತ್ತಿದ್ದೆ. ಖುಷಿಗೆಂದು ಹಿಡಿದದ್ದು ಹೋಂವರ್ಕ್ ಆಗಿಬಿಟ್ಟರೆ ಏನು ಬಂತು? ಬಿಟ್ಟೆ.

ಆಕಾಶದ್ದು ಮಾತ್ರ ತಾನಾಗೇ ನಡೆಯುತ್ತಿದೆ. ಹಲ್ಲು ಹೇಗೂ ಉಜ್ಜಲೇಬೇಕು, ನಾನು ಮಾಡಿದ್ದು ಕನ್ನಡಿ ಬಿಟ್ಟು ಕಿಟಕಿ ಕಡೆ ತಿರುಗಿ ನಿಂತದ್ದು, ಅಷ್ಟೇ. ಎದುರಿನ ತಂತಿ ಮೇಲೆ ಒಂದು ಕಾಗೆ ಕೂರುತ್ತದೆ. ಕೊಕ್ಕನ್ನು ತಂತಿಗೆ ಆ ಕಡೆ ಈ ಕಡೆ ತಿಕ್ಕುತ್ತದೆ. ಇಬ್ಬರದ್ದೂ ಒಂದೇ ಕೆಲಸ!

21ನೇ ದಿನ ಸ್ವಲ್ಪ ಬೇಜಾರಾಯಿತು. 21 ದಿನ ಮಾಡಿದರೆ ಅಭ್ಯಾಸ ಆಗುತ್ತದೆ ಅಂತಾರಲ್ಲ, ನನಗಿನ್ನೂ ಡೈರಿ ನೆನಪಿಸಲು ಅಲಾರಂ ಬೇಕಿತ್ತು. ಹುಡುಕಿದರೆ, ಆ ಲೆಕ್ಕ ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಎಂಬ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ ಬರೆದದ್ದರಿಂದ ಬಂದದ್ದಂತೆ. ಬದಲಾದ ಮುಖಕ್ಕೆ ಒಗ್ಗಿಕೊಳ್ಳಲು ಕನಿಷ್ಠ 21 ದಿನ ಬೇಕು ಅಂದಿದ್ದರು. ಆ ‘ಕನಿಷ್ಠ’ ದಾರಿಯಲ್ಲೆಲ್ಲೋ ಉದುರಿಹೋಗಿದೆ. ಲಂಡನ್‌ನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ತಂಡ 96 ಜನರನ್ನು 12 ವಾರ ಗಮನಿಸಿ ಹಾಕಿದ ಅಂದಾಜು ಲೆಕ್ಕದಲ್ಲಿ ಅಭ್ಯಾಸ ಆಗಲು ಬೇಕಾದ ಕಾಲ 18 ದಿನದಿಂದ 254 ದಿನದವರೆಗೆ ಇದೆ, ನಡುವಿನ ಅಂಕಿ 66. ನಡುವೆ ಒಂದು ದಿನ ತಪ್ಪಿದರೆ ದೊಡ್ಡ ನಷ್ಟವಿಲ್ಲ ಎಂದೂ ಕಂಡಿತ್ತು. 29ನೇ ದಿನ ಜ್ವರ ಬಂದು ಡೈರಿ ತಪ್ಪಿದಾಗ ನನ್ನನ್ನು ಕಾಪಾಡಿದ್ದು ಇದೇ. ಇಲ್ಲದಿದ್ದರೆ ಹೇಗೂ ಕೆಟ್ಟಿತು ಅಂತ ಪುಸ್ತಕವನ್ನೇ ಎತ್ತಿಡುವ ಜಾತಿ ನಾನು.

ಡೈರಿಗೆ ಇದ್ದ ನಿಜವಾದ ಅಡ್ಡಿ ಸೋಮಾರಿತನ ಅಲ್ಲ, ಪೆನ್. ರಾತ್ರಿ ಹುಡುಕಿದರೆ ಒಂದೂ ಸಿಗುತ್ತಿರಲಿಲ್ಲ. ಕೊನೆಗೆ ಹೊಲಿಗೆ ದಾರದಿಂದ ಪುಸ್ತಕಕ್ಕೇ ಕಟ್ಟಿ ದಿಂಬಿನ ಪಕ್ಕ ಇಟ್ಟೆ. ಅಲಾರಂ ಬೇಡವಾಯಿತು.

ಆಮೇಲೆ ಇನ್ನೊಂದು ಎಡವಟ್ಟು. 33ರಿಂದ 36ರವರೆಗೆ ನಾಲ್ಕೂ ದಿನ ‘ಸ್ನಾನದ ಬಿಸಿನೀರು’ ಅಂತಲೇ ಬರೆದಿದ್ದೇನೆ! ಸುಮ್ನೆ ಸಾಲು ತುಂಬಿಸಿದ್ದು. ಹಾಗಾಗಿ ಒಂದು ನಿಯಮ: ವಾರದಲ್ಲಿ ಒಮ್ಮೆ ಬರೆದದ್ದು ಮತ್ತೆ ಬರಬಾರದು. ಈಗ ಹಗಲೆಲ್ಲಾ ‘ಇದು ರಾತ್ರಿಗಾಗುತ್ತಾ?’ ಅಂತ ಕಣ್ಣು ಹುಡುಕುತ್ತಿರುತ್ತದೆ. ನಿಜ ಹೇಳಬೇಕೆಂದರೆ ಬರೆಯುವುದಕ್ಕಿಂತ ಈ ಹುಡುಕಾಟದಲ್ಲೇ ಮಜಾ ಜಾಸ್ತಿ.

ಇವತ್ತಿನ ಸಾಲು: ‘ಪೆನ್ನಿನ ದಾರ ಕಿತ್ತುಹೋಯಿತು. ಹೊಸದು ಹಸಿರು.’